ವೇಗದ ರೈಲು ಓಡಿಸಿದ್ರು, ಬಾಹ್ಯಾಕಾಶಕ್ಕೆ ಮನೆ ಕಟ್ಟಿದ್ರು – ಚೀನಾಕ್ಕೆ ಫೈಟರ್ ಇಂಜಿನ್ ಮಾತ್ರ ಯಾಕೆ ಇಷ್ಟು ಸತಾಯಿಸಿತು?

ಮಲೆನಾಡ ಗಿಡುಗ:

2025ರ ಫೆಬ್ರವರಿಯಲ್ಲಿ ಮಗನನ್ನ ಕರ್ಕೊಂಡು ಯಲಹಂಕದ ಏರೋ ಇಂಡಿಯಾಗೆ ಹೋಗಿದ್ದೆ. ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಒಂದೇ ಮೈದಾನದಲ್ಲಿ. ಕಿವಿ ಮುಚ್ಚಿಕೊಂಡು ನಿಂತಿದ್ದ ಹುಡುಗ ಸದ್ದು ಇಳಿದ ಮೇಲೆ ಕೇಳಿದ: "ಅಪ್ಪಾ, ಚೀನಾದವರ ಪ್ಲೇನೂ ಇಷ್ಟೇ ಸೌಂಡ್ ಮಾಡುತ್ತಾ?" ಏನೋ ಒಂದು ಹೇಳಿ ಜಾರಿಕೊಂಡೆ. ಆಮೇಲೆ ಮನೆಗೆ ಬಂದು ಓದೋಕೆ ಕೂತವನಿಗೆ ಒಂದು ವಿಷಯ ತಲೆಗೆ ಹತ್ತಲೇ ಇಲ್ಲ.

2011 ಒಂದೇ ವರ್ಷ ತಗೊಳ್ಳಿ. ಜನವರಿ 11ಕ್ಕೆ ಚೆಂಗ್ಡುವಿನಲ್ಲಿ ಚೀನಾದ ಜೆ-20 ಫೈಟರ್ ಮೊದಲ ಸಲ ಹಾರಿತು. ಜೂನ್‌ನಲ್ಲಿ ಬೀಜಿಂಗ್-ಶಾಂಘೈ ವೇಗದ ರೈಲು ಹೊರಟಿತು. ಸೆಪ್ಟೆಂಬರ್‌ನಲ್ಲಿ ಟಿಯಾಂಗಾಂಗ್-1 ಬಾಹ್ಯಾಕಾಶ ಮನೆ ಕಕ್ಷೆ ಸೇರಿತು. ಇಷ್ಟೆಲ್ಲಾ ಮಾಡಿದವರ ಮೊದಮೊದಲ ಜೆ-20ಗಳು ಸೇವೆಗೆ ಬಂದಿದ್ದು ಮಾತ್ರ ರಷ್ಯಾದ ಎಎಲ್-31 ಇಂಜಿನ್ ಹೊತ್ತುಕೊಂಡು. ರಾಕೆಟ್ ಮಾಡೋಕೆ ಬರುವವರಿಗೆ ಜೆಟ್ ಇಂಜಿನ್ ಯಾಕೆ ಬರಲಿಲ್ಲ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಕಾಫಿತೋಟ:

ಸಿಂಪಲ್. ಎದುರಿಗಿದ್ದವನ ಪೇಪರ್ ನೋಡಿ ಬರೆಯೋ ಹುಡುಗ ಒಂದೊಂದು ಪರೀಕ್ಷೆಯಲ್ಲಿ ಸಿಕ್ಕಿಹಾಕ್ಕೋತಾನೆ. ಅಷ್ಟೇ.

ಎರಕದ ಬಸಣ್ಣ:

ಹಂಗ ನಗೂದು ಸಲೀಸ ಐತ್ರಿ ಕಾಫಿತೋಟದವರ. ಕಾಪಿ ಮಾಡೂದು ಅಂದ್ರ ಏನಂತ ಮಾಡಿದವಗ ಗೊತ್ತು. ಬೆಳಗಾವಿ ಉದ್ಯಮಬಾಗದಾಗ 31 ವರ್ಷ ಮ್ಯಾಣದ ಎರಕದ ಕೆಲಸ ಮಾಡೇನಿ, ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಅಂತಾರಲ್ಲ, ಅದು. ಒಂದು ಕತಿ ಹೇಳ್ತೇನಿ.

ಒಬ್ಬ ಗಿರಾಕಿ ಪರದೇಶದ ವಾಲ್ವ್ ತಂದು ಟೇಬಲ್ ಮ್ಯಾಲ ಇಟ್ಟು, ಇದರಂಗ ಮಾಡಿ ಕೊಡ್ರಿ ಅಂದ. ಅಳತಿ ತಗೊಂಡ್ವಿ. ಸ್ಪೆಕ್ಟ್ರೋದಾಗ ಇಟ್ಟು ಯಾವ ಲೋಹ ಎಷ್ಟೈತಿ ಅಂತ ತಗದ್ವಿ. ನಮ್ಮದು ಅವರದು ಬಾಜೂಬಾಜೂಕ ಇಟ್ರ ನನಗ ಗುರ್ತು ಹತ್ತತಿರಲಿಲ್ಲ, ಅಷ್ಟು ಚಂದ ಬಂದಿತ್ತು. ಮೂರು ತಿಂಗಳಿಗೆ ಅರ್ಧ ಮಾಲು ವಾಪಸ್ ಬಂತು, ಸೀಳಿ. ಎಲ್ಲಾ ಸೀಳಿದ್ರ ತಪ್ಪು ಹುಡುಕಬಹುದಿತ್ತು. ಒಂದು ಸೀಳತಿತ್ತು, ಅದರ ಅವಳಿ ಸೀಳತಿರಲಿಲ್ಲ. ನಾಕು ತಿಂಗಳು ತಲಿ ಕೆಡಿಸಿಕೊಂಡ್ವಿ. ಕಡೀಕ ರಜಿಸ್ಟರ್ ತಗದು ನೋಡಿದ್ರ ಸೀಳಿದ್ದೆಲ್ಲಾ ಸ್ವಾಮವಾರ ಸುರದ ಮಾಲು!

ಆಗಿದ್ದು ಏನಂದ್ರ, ಮಾಲಕರು ಕರೆಂಟ್ ಬಿಲ್ಲು ಉಳಿಸಾಕ ಶನಿವಾರ ರಾತ್ರಿ ಮ್ಯಾಣದ ಕ್ವಾಣಿ ಎಸಿ ಬಂದ್ ಮಾಡಸ್ತಿದ್ರು. ಐತವಾರ ಬಿಸಲಿಗೆ ಮ್ಯಾಣ ಒಂದೀಟು ಉಬ್ಬೂದು. ಅದರ ಮ್ಯಾಲ ಬಳದ ತೆಳ್ಳನ ಸಿರಾಮಿಕ್ ಪದರು ಕಣ್ಣಿಗೆ ಕಾಣದಂಗ ಬಿರಿಯೂದು. ಕಾದ ಲೋಹ ಸುರದಾಗ ಆ ಪದರಿನ ಒಂದು ಹೊಟ್ಟು ಎದ್ದು ಒಳಗ ಹೋಗಿ ಕೂಡೂದು. ಸೀಳೂದು ಅಲ್ಲಿಂದ. ಈಗ ಹೇಳ್ರಿ, ಎಸಿ ಬಂದ್ ಮಾಡಬ್ಯಾಡ್ರಿ ಅಂತ ಯಾವ ಡ್ರಾಯಿಂಗಿನ್ಯಾಗ ಬರದಿರತೈತಿ?

ಇದು ಬರೇ ನೀರಿನ ವಾಲ್ವಿನ ಕತಿ. ಜೆಟ್ ಇಂಜಿನ್ನಿನ ಟರ್ಬೈನ್ ಬ್ಲೇಡು, ಅಂದ್ರ ಬಿಸಿ ಗಾಳಿಗೆ ತಿರಗೂ ಚಕ್ರದ ರೆಕ್ಕಿ, ಅದರಾಗ ಇಂಥಾವು ನೂರಾರು ಗುಟ್ಟು ಒಂದರ ಮ್ಯಾಲ ಒಂದು.

ಸಹನಾ ಮೆಕ್ಯಾನಿಕಲ್:

ಬಸಣ್ಣ ಕಾಕಾ, ನಾನು ದಾವಣಗೆರೆಯಲ್ಲಿ ಆರನೇ ಸೆಮಿಸ್ಟರ್. ಟರ್ಬೈನ್ ಬ್ಲೇಡು ಸಿಂಗಲ್ ಕ್ರಿಸ್ಟಲ್ ಅಂತ ಎರಡು ಮಾರ್ಕಿಗೆ ಬರೆದಿದ್ದೀನಿ, ನಿಜವಾಗಿ ಏನು ಅಂತ ಅರ್ಥ ಆಗಿಲ್ಲ. ಯಾಕೆ ಬೇಕು ಅದು?

ಎರಕದ ಬಸಣ್ಣ:

ನೋಡವಾ ತಂಗಿ, ಗೌರಿ ಹುಣ್ಣಿಮಿಗೆ ಸಕ್ಕರಿ ಆರತಿ ಮಾಡ್ತಾರಲ್ಲ, ಆನಿ, ಒಂಟಿ, ತೇರು. ಅದನ್ನ ಮುರದ್ರ ಹ್ಯಾಂಗ ಮುರೀತೈತಿ? ಪುಡಿಪುಡಿ. ಯಾಕಂದ್ರ ಸಣ್ಣಸಣ್ಣ ಹರಳು ಒಂದಕ್ಕೊಂದು ಅಂಟಿಕೊಂಡು ಕುಂತಿರತಾವು, ಅಂಟಿದ ಸಂದಿನ್ಯಾಗ ಬಿಡತಾವು. ಈಗ ಕಲ್ಲಸಕ್ಕರಿ ಒಂದು ದೊಡ್ಡ ಹರಳು ತಗೊ. ಸಂದಿನ ಇಲ್ಲ. ಹಲ್ಲಿಗೆ ಹಾಕಿದ್ರ ಗೊತ್ತಾಗತೈತಿ ಯಾವುದು ಗಟ್ಟಿ ಅಂತ.

ಸಾದಾ ಎರಕದ ಬ್ಲೇಡು ಅಂದ್ರ ಸಕ್ಕರಿ ಆರತಿ. ಸಿಂಗಲ್ ಕ್ರಿಸ್ಟಲ್ ಅಂದ್ರ ಇಡೀ ಬ್ಲೇಡು ಒಂದ ಕಲ್ಲಸಕ್ಕರಿ ಹರಳು. ಇಂಜಿನ್ನಿನ ಒಳಗ ಈ ಬ್ಲೇಡು ಕೆಂಪಗ ಕಾದಿರತೈತಿ, ನಿಮಿಷಕ್ಕ 13 ಸಾವಿರ ಸುತ್ತಿನ ಮ್ಯಾಲ ತಿರಗತಿರತೈತಿ. ನಿನ್ನ ಅಂಗೈ ಅಷ್ಟು ಇರೂ ಒಂದೊಂದು ಬ್ಲೇಡನ್ನ ಟನ್‌ಗಟ್ಟಲೆ ಭಾರ ಹೊರಗ ಜಗ್ಗತಿರತೈತಿ. ಹರಳಿನ ಸಂದಿ ಇದ್ರ ಅಲ್ಲೇ ನಿಧಾನಕ ಹಿಗ್ಗಿ ಹಿಗ್ಗಿ ಒಂದಿನ ಕಿತ್ತು ಬರತೈತಿ.

ಮಾಡೂದು ಹ್ಯಾಂಗಂದ್ರ, ನಿರ್ವಾತದ ಕುಲುಮ್ಯಾಗ ಅಚ್ಚಿನ ಬುಡಕ್ಕ ತಣ್ಣನ ತಾಮ್ರದ ತಟ್ಟಿ ಇಡತಾರ. ಲೋಹ ಸುರದ ಮ್ಯಾಲ ಅಚ್ಚನ್ನ ಬಿಸಿ ಜಾಗಾದಿಂದ ತಣ್ಣನ ಜಾಗಾಕ್ಕ ನಿಮಿಷಕ್ಕ ಕೆಲವ ಮಿಲಿಮೀಟರಿನಂಗ ಇಳಸತಾರ. ಬುಡದಾಗ ಹರಳು ಸಾವಿರ ಹುಟ್ಟತಾವು. ಮ್ಯಾಲ ಹೋಗಾಕ ಇರೂದು ಒಂದ ಹಾದಿ, ಹಂದಿ ಬಾಲದಂಗ ಸುತ್ತಿದ್ದು. ಆ ಸುತ್ತಿನ್ಯಾಗ ಒಂದಕ್ಕೊಂದು ಗುದ್ದಾಡಿ ಒಂದ ಹರಳು ಮ್ಯಾಲ ಬರತೈತಿ. ಅದ ಬೆಳದು ಇಡೀ ಬ್ಲೇಡು ಆಗತೈತಿ. ನಡುವ ಎಲ್ಲರ ಇನ್ನೊಂದು ಹರಳು ತಲಿ ಎತ್ತಿದ್ರ ಇಡೀ ಬ್ಲೇಡು ಗುಜರಿಗೆ. ಮತ್ತ ಈ ಬ್ಲೇಡು ಒಳಗ ಪೊಳ್ಳು ಇರಬೇಕು, ಗಾಳಿ ಹಾಯಾಕ. ಅದಕ್ಕ ಒಳಗ ಸಿರಾಮಿಕ್ಕಿನ ತಿರುಳು ಇಟ್ಟು ಆಮ್ಯಾಲ ಕಾಸ್ಟಿಕ್ಕಿನ್ಯಾಗ ಕರಗಿಸಿ ತಗೀತಾರ. ತಿರುಳು ಒಂದು ಕೂದಲೆಳಿ ಸರದ್ರ ಒಂದು ಗ್ವಾಡಿ ತೆಳ್ಳಗ ಆಗತೈತಿ, ತೆಳ್ಳನ ಗ್ವಾಡಿ ಮೊದಲ ಸುಡತೈತಿ.

ಮ್ಯಾಣದ ಎರಕ ನಮಗೇನು ಹೊಸಾದಲ್ಲ. ಕಲ್ಯಾಣ ಚಾಲುಕ್ಯರ ಸೋಮೇಶ್ವರ ದೊರಿ 900 ವರ್ಷದ ಹಿಂದ ಬರದಿಟ್ಟಾನ ಮೂರ್ತಿ ಎರಿಯೂದನ್ನ. ಆದ್ರ ಮೂರ್ತಿಗೆ ಗುಡಿಯಾಗ ಕುಂದ್ರೂ ಕೆಲಸ. ಇದಕ್ಕ ಬೆಂಕಿಯಾಗ ತಿರಗೂ ಕೆಲಸ.

ಟಿನ್ ಫ್ಯಾಕ್ಟರಿ ಸ್ಟಾಪ್:

ಕಾಕಾ ಅವರ ಪೋಸ್ಟ್ ಓದಿ ಕಲ್ಲುಸಕ್ಕರೆ ಡಬ್ಬಿ ಹುಡುಕ್ತಾ ಇದ್ದೀನಿ.

ಹಳೇ ಟೆಸ್ಟ್‌ಬೆಡ್:

ಬಸಣ್ಣನವರು ಲೋಹದ ಕಡೆಯಿಂದ ಹೇಳಿದರು. ನಾನು ಇಂಜಿನ್ ಪರೀಕ್ಷೆಯ ಕಡೆಯವನು, ಈಗ ನಿವೃತ್ತ. ಎಲ್ಲಿ ಅಂತ ಕೇಳಬೇಡಿ.

ಸಹನಾ, ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಮ್ಮ. ನಿಕ್ಕಲ್ ಮಿಶ್ರಲೋಹ ಕರಗೋದು ಸುಮಾರು 1300-1350 ಡಿಗ್ರಿಗೆ. ಎಎಲ್-31ರಲ್ಲಿ ಟರ್ಬೈನಿನ ಬಾಯಿಗೆ ಬರುವ ಅನಿಲದ ಬಿಸಿ 1400ರ ಹತ್ತಿರ. ಈಗಿನ ಹೊಸ ಇಂಜಿನ್‌ಗಳಲ್ಲಿ ಅದಕ್ಕೂ ಇನ್ನೂರು ಮುನ್ನೂರು ಡಿಗ್ರಿ ಮೇಲೆ. ಅಂದರೆ ಕಾದ ಎಣ್ಣೆಯೊಳಗೆ ಬೆಣ್ಣೆ ಉಂಡೆ ಬಿಟ್ಟು ಕರಗದ ಹಾಗೆ ನೋಡಿಕೋ ಅಂದ ಹಾಗೆ. ಬ್ಲೇಡಿನ ಮೈಯಲ್ಲಿ ಸಣ್ಣ ಸಣ್ಣ ತೂತು ಕೊರೆದು ಒಳಗಿನ ಗಾಳಿಯನ್ನ ಹೊರಗೆ ತೆಳು ಪದರದ ಥರ ಹರಡಿಸ್ತಾರೆ, ಮೇಲೆ ಬಿಸಿ ತಡೆಯುವ ಜಿರ್ಕೋನಿಯಾ ಲೇಪ ಬಳಿಯುತ್ತಾರೆ. ರಾಕೆಟ್‌ಗೂ ಬಿಸಿ ಇದೆ, ಆದರೆ ರಾಕೆಟ್ ಕೆಲವು ನಿಮಿಷ ಉರಿದರೆ ಆಯಿತು. ಫೈಟರ್ ಇಂಜಿನ್ನು ಸಾವಿರಾರು ಗಂಟೆ ಬದುಕಬೇಕು, ಅದೂ ಪೈಲಟ್ ಗಳಿಗೆಗೊಮ್ಮೆ ಥ್ರಾಟಲ್ ಎಳೆದು ತಳ್ಳುತ್ತಿರುವಾಗ. ಗಿಡುಗ ಅವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನರ್ಧಕ್ಕೆ ಸ್ಪೇ ಇಂಜಿನ್ನಿನ ಕಥೆ ಹೇಳಬೇಕು. ಕಾಫಿತೋಟದವರು ಇದನ್ನ ಪೂರ್ತಿ ಓದಲಿ.

1975ರ ಡಿಸೆಂಬರ್‌ನಲ್ಲಿ ಚೀನಾ ಬ್ರಿಟನ್ನಿನ ರೋಲ್ಸ್ ರಾಯ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು, ಸ್ಪೇ ಅನ್ನೋ ಜೆಟ್ ಇಂಜಿನ್ನಿನ ಲೈಸೆನ್ಸಿಗೆ. ಕದ್ದಿದ್ದಲ್ಲ. ಕಾಸು ಕೊಟ್ಟು ತಗೊಂಡಿದ್ದು. ಡ್ರಾಯಿಂಗು, ತರಬೇತಿ ಎಲ್ಲಾ ಬಂತು. ಶಿಯಾನ್ ಕಾರ್ಖಾನೆಯಲ್ಲಿ ಇಂಜಿನ್ನು ಜೋಡಿಸಿದರು. 1980ರಲ್ಲಿ ಅದನ್ನೇ ಬ್ರಿಟನ್ನಿಗೆ ಹೊತ್ತುಕೊಂಡು ಹೋಗಿ ಎತ್ತರದ ಪರೀಕ್ಷೆ, ಮೈನಸ್ 40 ಡಿಗ್ರಿಯಲ್ಲಿ ಸ್ಟಾರ್ಟ್ ಮಾಡುವ ಪರೀಕ್ಷೆ ಎಲ್ಲಾ ಮಾಡಿಸಿದರು. ಪಾಸಾಯಿತು. ಚೀನಾದ ಜೆಟ್ ಇಂಜಿನ್‌ಗಳ ಪಿತಾಮಹ ಅಂತ ಕರೆಸಿಕೊಳ್ಳುವ ವು ದಾಗ್ವಾನ್ ಆ ಕೆಲಸದ ಮುಂದಾಳು. ಕೈಯಲ್ಲಿ ಎಲ್ಲಾ ಇತ್ತು.

ಆಮೇಲೆ ಏನಾಯಿತು? ಮುಖ್ಯ ಲೋಹ, ಫೋರ್ಜಿಂಗು ಎಲ್ಲಾ ಹೊರಗಿನಿಂದ ಬರಬೇಕಿತ್ತು. ತಮ್ಮದೇ ಲೋಹದಲ್ಲಿ ಮಾಡೋಕೆ ಹೋದರೆ ತಳದಿಂದ ಕಲಿಯಬೇಕಿತ್ತು. ದುಡ್ಡು ನಿಂತಿತು, ಹಾಕೋಕೆ ವಿಮಾನವೂ ಸಿದ್ಧವಿರಲಿಲ್ಲ. ಅದಕ್ಕೆ ತಕ್ಕ ಜೆಎಚ್-7 ಹಾರಿದ್ದು 1988ರ ಡಿಸೆಂಬರ್‌ನಲ್ಲಿ, ಅದೂ ಬ್ರಿಟನ್ನಿನಲ್ಲಿ ತಯಾರಾದ ಸ್ಪೇ ಹಾಕಿಕೊಂಡು. ಮುಂದೆ ಬ್ರಿಟನ್ನಿನಿಂದ ಹಳೇ ಸೆಕೆಂಡ್ ಹ್ಯಾಂಡ್ ಸ್ಪೇಗಳನ್ನೂ ಕೊಂಡರು. ಪೂರ್ತಿ ಸ್ವದೇಶಿ ಡಬ್ಲ್ಯುಎಸ್-9, ಅಂದರೆ ಚಿನ್‌ಲಿಂಗ್, ಕೈಗೆ ಬಂದಾಗ 2000 ದಾಟಿತ್ತು. ಲೈಸೆನ್ಸು ಕೈಯಲ್ಲಿದ್ದೂ ಕಾಲು ಶತಮಾನಕ್ಕೂ ಹೆಚ್ಚು. ಈಗ ಹೇಳಿ, ಪೇಪರ್ ನೋಡಿ ಬರೆದರೆ ಪಾಸಾಗಿಬಿಡುತ್ತಾರಾ?

ಕಾಫಿತೋಟ:

ಸರಿ ಸಾರ್, ಓದಿದೆ. ಆದರೂ ಕದಿಯಲಿಲ್ಲ ಅನ್ನಬೇಡಿ. 2018ರಲ್ಲಿ ಬೆಲ್ಜಿಯಂನಲ್ಲಿ ಸಿಕ್ಕಿಬಿದ್ದ ಶು ಯಾಂಜುನ್ ಅನ್ನೋ ಗೂಢಚಾರಿ? ಜೆಟ್ ಇಂಜಿನ್ ಮಾಡುವ ಅಮೆರಿಕದ ಜಿಇ ಕಂಪನಿಯ ಇಂಜಿನಿಯರನ್ನ ಬಲೆಗೆ ಹಾಕೋಕೆ ಹೋಗಿ ಅಮೆರಿಕದ ಕೋರ್ಟಿನಲ್ಲಿ 20 ವರ್ಷ ಹಾಕಿಸಿಕೊಂಡ.

ಹಳೇ ಟೆಸ್ಟ್‌ಬೆಡ್:

ನಿಜ. 2022ರ ನವೆಂಬರ್‌ನಲ್ಲಿ ಶಿಕ್ಷೆಯಾಯಿತು. ಆದರೆ ಅವನು ಬೆನ್ನು ಹತ್ತಿದ್ದು ಏನನ್ನ ನೋಡಿ – ಕಾಂಪೊಸಿಟ್ ಫ್ಯಾನ್ ಬ್ಲೇಡಿನ ತಯಾರಿಕೆ ವಿವರ. ಆ ಇಂಜಿನ್ನಿನ ಆಕಾರ ಎಲ್ಲರಿಗೂ ಕಾಣುತ್ತೆ, ಫೋಟೋ ಬೇಕಾದಷ್ಟು ಸಿಗುತ್ತೆ. ಅವನಿಗೆ ಬೇಕಾಗಿದ್ದು ಬಸಣ್ಣನವರ ಸೋಮವಾರದ ರಜಿಸ್ಟರು.

ಎರಕದ ಬಸಣ್ಣ:

ನನ್ನ ರಜಿಸ್ಟರ್ ಕೇಳಿಕೊಂಡು ಇನ್ನತನಾ ಯಾವ ಗೂಢಚಾರಿನೂ ಬಂದಿಲ್ಲರಿ. ಬಂದ್ರ ಚಾ ಕುಡಿಸಿ ಕೊಡ್ತೇನಿ.

ಸುಝೌ ವಾಸಿ:

ಕೆಲಸದ ಮೇಲೆ ಸುಝೌನಲ್ಲಿ ಆರು ವರ್ಷ ಇದ್ದೆ, ಕಾರಿನ ಬಿಡಿಭಾಗ ಕೊಳ್ಳುವ ಕೆಲಸ. ನೀವೆಲ್ಲಾ ಲೋಹ ಲೋಹ ಅಂತಿದ್ದೀರಿ, ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಲೋಹ ಕಲಿಯೋಕೆ ಬೇಕಾದ ತಲೆಗಳು ಅವರಲ್ಲಿ ಮೊದಲಿಂದಲೂ ಇದ್ದವು.

ವು ಝೊಂಗ್‌ಹುವಾ ಹೆಸರು ಕೇಳಿದ್ದೀರಾ? ಗಾಳಿ ಒತ್ತುವ ಕಂಪ್ರೆಸರ್, ಟರ್ಬೈನುಗಳ ಒಳಗೆ ಗಾಳಿ ಮೂರು ಆಯಾಮದಲ್ಲಿ ಹೇಗೆ ಹರಿಯುತ್ತೆ ಅಂತ 1952ರಲ್ಲಿ ಅಮೆರಿಕದಲ್ಲಿದ್ದಾಗ ಲೆಕ್ಕ ಕಟ್ಟಿಕೊಟ್ಟವರು. ಜಗತ್ತಿನ ಇಂಜಿನ್ ವಿನ್ಯಾಸಕಾರರೆಲ್ಲಾ ಬಳಸಿದ ಲೆಕ್ಕ ಅದು. 1954ರಲ್ಲಿ ಚೀನಾಕ್ಕೆ ವಾಪಸಾದರು. ಇನ್ನೊಬ್ಬರು ಶಿ ಚಾಂಗ್‌ಶು. ಅವರನ್ನ ಅಮೆರಿಕ ವಾಪಸ್ ಬಿಡೋಕೇ ತಯಾರಿರಲಿಲ್ಲ, 1955ರಲ್ಲಿ ಬಂದು ಶೆನ್ಯಾಂಗಿನ ಲೋಹ ಸಂಶೋಧನಾ ಸಂಸ್ಥೆ ಸೇರಿದರು. 1960ರ ದಶಕದ ನಡುವೆ ಅವರ ತಂಡ ಒಂಬತ್ತು ತೂತಿನ ಪೊಳ್ಳು ಬ್ಲೇಡು ಎರಕ ಹೊಯ್ದಿತು. ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಬ್ಲೇಡಿನ ಒಳಗೆ, ತೀರಾ ಸಣ್ಣ ತೂತು 0.8 ಮಿಲಿಮೀಟರ್. ಹೊರದೇಶದ ಅಂಥ ಬ್ಲೇಡನ್ನ ಕೈಯಲ್ಲಿ ಹಿಡಿದು ನೋಡದೆಯೇ ಮಾಡಿದ್ದು. 1969ರಲ್ಲಿ ಹಾರಿದ ಜೆ-8ರ ಇಂಜಿನ್ನಿಗೆ ಬೇಕಾಗಿದ್ದದ್ದು ಅದೇ.

ಹಾಗಾದರೆ ಎಲ್ಲಿ ಕೆಟ್ಟಿತು? ನನ್ನ ಪ್ರಕಾರ ಮೂರು ಕಡೆ, ಆದರೆ ದೊಡ್ಡದು ಒಂದೇ: ಅವರಲ್ಲಿ ಇಂಜಿನ್ನನ್ನ ಯಾವತ್ತೂ ಒಂದು ವಿಮಾನದ ಬಾಲಕ್ಕೆ ಕಟ್ಟುತ್ತಿದ್ದರು. ವಿಮಾನ ಬಿದ್ದರೆ ಇಂಜಿನ್ನೂ ಬೀಳಬೇಕು. ಡಬ್ಲ್ಯುಎಸ್-6 ಅಂತ ಒಂದು ಟರ್ಬೋಫ್ಯಾನ್ ಜೆಟ್ ಇಂಜಿನ್ನು 1964ರಿಂದ ಶುರುವಾಗಿತ್ತು. ಸಾಂಸ್ಕೃತಿಕ ಕ್ರಾಂತಿಯ ಗಲಾಟೆ, ಊರಿಂದೂರಿಗೆ ಸ್ಥಳಾಂತರ, ಎಲ್ಲಾ ದಾಟಿ ಟೆಸ್ಟ್‌ಬೆಡ್ ಮೇಲೆ ಓಡುತ್ತಿತ್ತು. ಜೆ-9 ಅನ್ನೋ ವಿಮಾನ ರದ್ದಾಯಿತು, 1980ರ ದಶಕದ ಶುರುವಲ್ಲಿ ಇಂಜಿನ್ನಿಗೂ ಬೀಗ. ಹದಿನೇಳು ಹದಿನೆಂಟು ವರ್ಷದ ಕಲಿಕೆ ಕಪಾಟಿಗೆ ಹೋಯಿತು.

ಇನ್ನೊಂದು, ಯುದ್ಧದ ಹೆದರಿಕೆಯಲ್ಲಿ 1960ರ ದಶಕದ ನಡುವಿನಿಂದ ಕಾರ್ಖಾನೆಗಳನ್ನ ಒಳನಾಡಿನ ಬೆಟ್ಟದ ಸಂದಿಗೆ ಸಾಗಿಸಿದ್ದು. ನನ್ನ ಸಹೋದ್ಯೋಗಿಯೊಬ್ಬನ ಅಪ್ಪ ಶಾಂಘೈನ ಲೇತ್ ಕೆಲಸಗಾರರು, ಅವರನ್ನ ಗುಯಿಝೌ ಬೆಟ್ಟಕ್ಕೆ ಕಳಿಸಿದ್ದರಂತೆ. ಮಶೀನು ರೈಲಿನಲ್ಲಿ ಬಂತು, ನೆಲ ಮಾತ್ರ ಮಳೆಗಾಲದಲ್ಲಿ ಕುಸಿಯುತ್ತಿತ್ತು, ಲೇತ್ ಲೆವೆಲ್ ಮಾಡೋದೇ ವರ್ಷಗಟ್ಟಲೆ ಕೆಲಸವಾಗಿತ್ತು ಅಂತ ಊಟದ ಹೊತ್ತಲ್ಲಿ ಹೇಳುತ್ತಿದ್ದ. ಶಿ ಚಾಂಗ್‌ಶು ಅವರ ಪೊಳ್ಳು ಬ್ಲೇಡಿನ ತಯಾರಿಕೆಯೂ ಗುಯಿಝೌಗೆ ಹೋದಾಗ ಗುಜರಿ ಹೆಚ್ಚಾಗಿ, ಕೊನೆಗೆ ಅವರೇ ಅಲ್ಲಿಗೆ ಹೋಗಿ ಕೂರಬೇಕಾಯಿತು.

ಹಳೇ ಟೆಸ್ಟ್‌ಬೆಡ್:

ಮೂರು ಕಡೆ ಅಂದಿರಿ, ಎರಡೇ ಹೇಳಿದಿರಿ.

ಸುಝೌ ವಾಸಿ:

ಮೂರನೆಯದು ರಷ್ಯಾ. ಬೇಕಾದಾಗ ಸಿಗುತ್ತಿದ್ದ ಎಎಲ್-31. 1992ರಿಂದ ಸುಖೋಯ್-27 ಬಂತು, ಅದರ ಜೊತೆ ಒಳ್ಳೇ ಇಂಜಿನ್ನೂ ಬಂತು. ತಮ್ಮ ಜೆ-10 ಫೈಟರ್‌ಗೆ ಅಂತಲೇ ಗೇರ್‌ಬಾಕ್ಸನ್ನ ಕೆಳಗೆ ತಿರುಗಿಸಿದ ಎಎಲ್-31ಎಫ್ಎನ್ ಮಾಡಿಸಿಕೊಂಡರು. 2011ರಲ್ಲೂ ಅದನ್ನ ನೂರರ ಲೆಕ್ಕದಲ್ಲಿ ಆರ್ಡರ್ ಮಾಡಿದ್ದರು. ಪಕ್ಕದ ದರ್ಶಿನಿಯಲ್ಲಿ ಬಿಸಿ ಇಡ್ಲಿ ಸಿಗುವಾಗ ಬೆಳಗ್ಗೆ ನಾಲ್ಕಕ್ಕೆದ್ದು ಹಿಟ್ಟು ರುಬ್ಬೋರು ಯಾರು?

ಹಳೇ ಟೆಸ್ಟ್‌ಬೆಡ್:

ಇಲ್ಲಿ ನಾನು ಒಪ್ಪಲ್ಲ. ಆ ಎಎಲ್-31 ಇದ್ದಿದ್ದಕ್ಕೇ ಅವರು ಬಚಾವಾಗಿದ್ದು. ಹೇಗೆ ಅಂತ ಹೇಳ್ತೀನಿ.

ಅವರ ಸ್ವದೇಶಿ ಫೈಟರ್ ಇಂಜಿನ್ನು ಡಬ್ಲ್ಯುಎಸ್-10, ಅಂದರೆ ತೈಹಾಂಗ್, ಶೆನ್ಯಾಂಗಿನಲ್ಲಿ 1980ರ ದಶಕದ ಕೊನೆಗೆ ಶುರು. ಆ ದಶಕದಲ್ಲಿ ಚೀನಾ ಎರಡು ಸಿಎಫ್ಎಂ56 ಇಂಜಿನ್ ಕೊಂಡಿತ್ತು, ಪ್ರಯಾಣಿಕ ವಿಮಾನದ್ದು. ಅದರ ತಿರುಳಿನಿಂದ, ಅಂದರೆ ಇಂಧನ ಉರಿಯುವ ನಡುಭಾಗದಿಂದ, ಪಾಠ ಕಲಿತೇ ಡಬ್ಲ್ಯುಎಸ್-10 ಕಟ್ಟಿದರು ಅಂತ ಈ ರಂಗದಲ್ಲಿ ಹೆಚ್ಚಿನವರ ಅಭಿಪ್ರಾಯ. ಮಜಾ ಏನಂದರೆ ಸಿಎಫ್ಎಂ56ರ ತಿರುಳೂ ಎಫ್-16ರ ಎಫ್110 ಇಂಜಿನ್ನಿನ ತಿರುಳೂ ಒಂದೇ ತಾಯಿಯ ಮಕ್ಕಳು, ಎರಡೂ ಬಿ-1 ಬಾಂಬರಿನ ಎಫ್101ರಿಂದ ಬಂದವು. 2005ರ ಕೊನೆಗೆ ವಿನ್ಯಾಸಕ್ಕೆ ಮಂಜೂರಾತಿ ಸಿಕ್ಕಿತು. ಪೇಪರಿನ ಮೇಲೆ ಮುಗೀತು. ವಾಯುಪಡೆಗೆ ಕೊಟ್ಟ ಮೇಲೆ ನಿಜವಾದ ಕಷ್ಟ ಶುರು. ಇಂಜಿನ್ನು ನಿರೀಕ್ಷೆಗಿಂತ ಬೇಗ ಬಿಚ್ಚೋಕೆ ಬರುತ್ತಿತ್ತು, ಥ್ರಾಟಲ್ ತಳ್ಳಿದರೆ ನಿಧಾನವಾಗಿ ಏರುತ್ತಿತ್ತು, ಎಣ್ಣೆ ಸೋರಿಕೆ ಅಂತಲೂ ಸುದ್ದಿ. 2010ರ ಆಸುಪಾಸಿನಲ್ಲಿ ಶೆನ್ಯಾಂಗಿನ ರನ್‌ವೇ ಪಕ್ಕ ಇಂಜಿನ್ನಿಲ್ಲದ ಜೆ-11ಬಿ ಫೈಟರ್‌ಗಳು ಸಾಲಾಗಿ ನಿಂತ ಫೋಟೋ ಓಡಾಡಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಗಮನಿಸಿ, ಅದನ್ನ ಹಾಕಿದ್ದು ಎರಡು ಇಂಜಿನ್ನಿನ ಜೆ-11ಬಿಗೆ. ಒಂದೇ ಇಂಜಿನ್ನಿನ ಜೆ-10ಕ್ಕೆ ಮುಟ್ಟಿಸಲಿಲ್ಲ. ಒಂದು ಆಕಾಶದಲ್ಲಿ ಕೈಕೊಟ್ಟರೆ ಇನ್ನೊಂದರಲ್ಲಿ ಮನೆಗೆ ಬರಬಹುದು. ಜೆ-10 ಆರಾಮಾಗಿ ರಷ್ಯಾದ ಇಂಜಿನ್ನಿನಲ್ಲಿ ಹಾರುತ್ತಿತ್ತು. ಅಲ್ಲಿ ರಕ್ಷಣೆ ನಿಲ್ಲಲಿಲ್ಲ, ಇಲ್ಲಿ ಕೆಟ್ಟ ಇಂಜಿನ್ನು ಹಾರಿಸುತ್ತಾ ಗಂಟೆ ಕೂಡಿಸಿದರು. ಒಂದೊಂದು ಸೀಳೂ ಒಂದೊಂದು ಪಾಠ. ಜೆ-10ಸಿಗೆ ಸ್ವದೇಶಿ ಇಂಜಿನ್ನು ಬಂದಿದ್ದು 2020ರ ಹೊತ್ತಿಗೆ. ಅಂದರೆ ಮಂಜೂರಾತಿಯಾದ ಮೇಲೂ 15 ವರ್ಷ. ನನ್ನ ಮಟ್ಟಿಗೆ ತೈಹಾಂಗ್ ನಿಜವಾಗಿ ಪಾಸಾಗಿದ್ದು ಆವತ್ತು, 2005ರಲ್ಲಲ್ಲ.

ಸುಝೌ ವಾಸಿ:

ಹ್ಮ್. ಈ ಕೋನದಿಂದ ಯೋಚಿಸಿರಲಿಲ್ಲ. ಅರ್ಧ ಒಪ್ಪಿದೆ. ಆದರೂ ಬಾಲಕ್ಕೆ ಕಟ್ಟಿದ ಮಾತು ವಾಪಸ್ ತಗೊಳ್ಳಲ್ಲ. 2016ರ ಆಗಸ್ಟ್‌ನಲ್ಲಿ ಅವರು ಇಂಜಿನ್ ಕಾರ್ಖಾನೆಗಳನ್ನೆಲ್ಲಾ ವಿಮಾನ ಕಂಪನಿಯಿಂದ ಬಿಡಿಸಿ ಎಇಸಿಸಿ ಅಂತ ಬೇರೆ ಸಂಸ್ಥೆ ಮಾಡಿದರು. ಬಂಡವಾಳ 5,000 ಕೋಟಿ ಯುವಾನ್, 96 ಸಾವಿರ ಜನ. ತಪ್ಪು ಗೊತ್ತಾಗಿಲ್ಲದಿದ್ದರೆ ಮನೆ ಯಾಕೆ ಭಾಗ ಮಾಡುತ್ತಿದ್ದರು?

ಟಿನ್ ಫ್ಯಾಕ್ಟರಿ ಸ್ಟಾಪ್:

ಹಾಗಿದ್ರೆ ಚೀನಾ ಜೊತೆ ಸೇರಿ ಮಾಡಿದ ಪಾಕಿಸ್ತಾನದ ಜೆಎಫ್-17 ಫೈಟರ್‌ಗೆ ಏನು ಕಥೆ? 2025ರ ಮೇನಲ್ಲಿ ಭಾರತ-ಪಾಕ್ ಕಾಳಗದಲ್ಲಿ ಆಗಿದ್ದು ನೋಡಿದ್ರೆ

ಮೇಲ್ವಿಚಾರಕ:

ಟಿನ್ ಫ್ಯಾಕ್ಟರಿ ಸ್ಟಾಪ್ ಅವರ ಪೋಸ್ಟಿನ ಉಳಿದ ಭಾಗ ತೆಗೆದಿದ್ದೇನೆ. ಯಾರು ಯಾರನ್ನು ಉರುಳಿಸಿದರು ಅನ್ನುವ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ 400 ಪ್ರತಿಕ್ರಿಯೆ ಬಿದ್ದಿವೆ, ಹೋಗಿ ಕಾದಾಡಿ. ಇಲ್ಲಿ ಇಂಜಿನ್ ಮಾತ್ರ.

ಹಳೇ ಟೆಸ್ಟ್‌ಬೆಡ್:

ಇಂಜಿನ್ನಿನ ಮಟ್ಟಿಗೆ ಉತ್ತರ: ಜೆಎಫ್-17 ಹಾರುತ್ತಿರೋದು ರಷ್ಯಾದ ಆರ್‌ಡಿ-93 ಮೇಲೆ, ಮಿಗ್-29ರ ಇಂಜಿನ್ನಿನ ತಮ್ಮ. ಗುಯಿಝೌದವರು ಅದರ ಜಾಗಕ್ಕೆ ಅಂತ ಡಬ್ಲ್ಯುಎಸ್-13 ಮಾಡುತ್ತಾ ಬಂದರು, ಆದರೆ ಪಾಕಿಸ್ತಾನದ ವಿಮಾನಕ್ಕೆ ಅದು ಏರಲಿಲ್ಲ. ಒಂದೇ ಇಂಜಿನ್ನಿನ ವಿಮಾನ, ಮೇಲೆ ಹೇಳಿದ ಅದೇ ಮಾತು. ಸಾಗಣೆ ವಿಮಾನದಲ್ಲೂ ಹೀಗೇ. ಅವರ ವೈ-20 ಮೊದಲು 2013ರ ಜನವರಿಯಲ್ಲಿ ಹಾರಿದ್ದು ರಷ್ಯಾದ ನಾಲ್ಕು ಡಿ-30 ಹಾಕಿಕೊಂಡು. ಅದು ಸೋವಿಯತ್ ಕಾಲದ, ಎಣ್ಣೆ ಕುಡಿಯುವ ಇಂಜಿನ್ನು. ತಮ್ಮದೇ ಡಬ್ಲ್ಯುಎಸ್-20 ಬರೋಕೆ ಮತ್ತೆ ಹತ್ತು ವರ್ಷ. ಉಕ್ರೇನಿನ ಮೋಟಾರ್ ಸಿಚ್ ಅನ್ನೋ ಇಂಜಿನ್ ಕಂಪನಿಯನ್ನೇ ಕೊಂಡುಬಿಡೋಣ ಅಂತ ಒಂದು ಚೀನೀ ಕಂಪನಿ ನೋಡಿತು, 2021ರಲ್ಲಿ ಉಕ್ರೇನ್ ಸರ್ಕಾರವೇ ಅಡ್ಡ ಹಾಕಿತು.

ಸಹನಾ ಮೆಕ್ಯಾನಿಕಲ್:

ಟೆಸ್ಟ್‌ಬೆಡ್ ಸಾರ್, ಎತ್ತರದ ಪರೀಕ್ಷೆಗೆ ಬ್ರಿಟನ್ನಿಗೆ ಯಾಕೆ ಹೊತ್ತುಕೊಂಡು ಹೋಗಬೇಕಿತ್ತು? ನೆಲದ ಮೇಲೆ ಓಡಿಸಿ ನೋಡಿದರೆ ಸಾಲದಾ?

ಹಳೇ ಟೆಸ್ಟ್‌ಬೆಡ್:

ಸಾಲದಮ್ಮ. 15 ಕಿಲೋಮೀಟರ್ ಮೇಲೆ ಗಾಳಿ ತೆಳು, ಚಳಿ ಮೈನಸ್ 50ರ ಆಚೆ. ಅಲ್ಲಿ ಆಫ್ಟರ್‌ಬರ್ನರ್, ಅಂದರೆ ಬಾಲದಲ್ಲಿ ಮತ್ತೆ ಇಂಧನ ಸುರಿದು ಉರಿಸೋದು, ಹೊತ್ತಿಕೊಳ್ಳುತ್ತಾ? ಪೈಲಟ್ ಮೂಗು ಎತ್ತಿ ಗಾಳಿ ಓರೆಯಾಗಿ ಬಂದರೆ ಕಂಪ್ರೆಸರ್ ಬಿಕ್ಕುತ್ತಾ? ನಾವು ಸರ್ಜ್ ಅಂತೀವಿ. ಮುಂದಕ್ಕೆ ಹೋಗಬೇಕಾದ ಗಾಳಿ ಒಮ್ಮೆಲೇ ಹಿಂದಕ್ಕೆ ನುಗ್ಗುತ್ತೆ, ಢಮ್ ಅಂತ ಸದ್ದು, ಮೂತಿಯಿಂದ ಬೆಂಕಿ. ಟೆಸ್ಟ್ ಸೆಲ್‌ನಲ್ಲಿ ಮೊದಲ ಸಲ ಅದನ್ನ ಕೇಳಿದ ದಿನ ನನ್ನ ಕೈಲಿದ್ದ ಟೀ ಲೋಟ ಬಿದ್ದಿತ್ತು, ಅಡಿ ದಪ್ಪದ ಗೋಡೆಯ ಈಚೆ ಕೂತಿದ್ದರೂ. ಇದನ್ನೆಲ್ಲಾ ನೆಲದ ಮೇಲೇ ನೋಡಬೇಕಾದರೆ ಇಂಜಿನ್ನನ್ನ ದೊಡ್ಡ ಕೊಳವೆಯೊಳಗೆ ಕೂರಿಸಿ, ಒಳಗಿನ ಗಾಳಿ ಎಳೆದು, ಆಕಾಶವನ್ನೇ ಕೃತಕವಾಗಿ ಮಾಡಬೇಕು. ಚೀನಾ ಸಿಚುವಾನಿನ ಜಿಯಾಂಗ್ಯೋ ಬೆಟ್ಟದಲ್ಲಿ ಅಂಥದ್ದನ್ನ 1965ರಲ್ಲೇ ಕಟ್ಟೋಕೆ ಶುರು ಮಾಡಿತು. ಮುಗಿದದ್ದು 1990ರ ದಶಕದಲ್ಲಿ. ಮೂವತ್ತು ವರ್ಷ! ಆದರೆ ಮುಗಿಸಿದರು. ಅದು ಇಲ್ಲದಿದ್ದರೆ ತೈಹಾಂಗ್ ಇಲ್ಲ.

ಭಾರತದ್ದೇ ಆದ ಫೈಟರ್ ಇಂಜಿನ್ನು ಕಾವೇರಿಯನ್ನ ಆ ಪರೀಕ್ಷೆಗೆ ರಷ್ಯಾಕ್ಕೆ ಹೊತ್ತುಕೊಂಡು ಹೋದೆವು. 2010ರಲ್ಲಿ ಮಾಸ್ಕೋ ಹತ್ತಿರದ ಗ್ರೊಮೊವ್ ಸಂಸ್ಥೆಯಲ್ಲಿ ಐಎಲ್-76ರ ರೆಕ್ಕೆಗೆ ಕಟ್ಟಿ ಹಾರಿಸಿದ್ದೂ ಅಲ್ಲೇ. ಸ್ಲಾಟ್ ಸಿಗಬೇಕು, ಪೆಟ್ಟಿಗೆ ಕಟ್ಟಬೇಕು, ಏನಾದರೂ ಕೆಟ್ಟರೆ ವಾಪಸ್ ಬೆಂಗಳೂರಿಗೆ.

ಕಾಫಿತೋಟ:

ಕಾವೇರಿ ಹೆಸರು ಯಾರಾದ್ರೂ ತೆಗೀತಾರೆ ಅಂತ ಕಾಯ್ತಾ ಇದ್ದೆ. ಚೀನಾ ಕಥೆ ಕೇಳಿದರೆ ಎಲ್ಲಾ ನಮ್ಮನೆ ಕಥೆ ಥರಾನೇ ಇದೆ. ತೇಜಸ್ ಫೈಟರ್ ಬಾಲಕ್ಕೆ ಕಟ್ಟಿದ್ರು, 2008ರಲ್ಲಿ ಬಿಚ್ಚಿದ್ರು.

ಸುಝೌ ವಾಸಿ:

ವ್ಯತ್ಯಾಸ ಅವರ ಜೆ-11ಬಿಯಲ್ಲಿದೆ. ಕೆಟ್ಟ ಇಂಜಿನ್ನನ್ನೂ ನೂರರ ಲೆಕ್ಕದಲ್ಲಿ ಕೊಳ್ಳೋ ಗಿರಾಕಿ ಅವರಿಗಿದ್ದ. ನಮ್ಮ ವಾಯುಪಡೆಗೆ ಆ ಐಷಾರಾಮ ಇರಲಿಲ್ಲ, ಇದ್ದ ಸ್ಕ್ವಾಡ್ರನ್ನುಗಳೇ ಸಾಲುತ್ತಿರಲಿಲ್ಲ. ಬೈಯೋದು ಸುಲಭ.

ಎರಕದ ಬಸಣ್ಣ:

ಸಿಂಗಲ್ ಕ್ರಿಸ್ಟಲ್ ಬ್ಲೇಡು ನಮ್ಮವರೂ ಮಾಡ್ಯಾರಿ. ಹೈದರಾಬಾದಿನ ಡಿಎಂಆರ್‌ಎಲ್ ಅನ್ನೂ ಸರ್ಕಾರಿ ರಕ್ಷಣಾ ಲೋಹ ಪ್ರಯೋಗಾಲಯದವರು ಹೆಲಿಕಾಪ್ಟರ್ ಇಂಜಿನ್ನಿಗಂತ 60 ಬ್ಲೇಡು ಎಚ್‌ಎಎಲ್‌ಗೆ ಕೊಟ್ರು, 2021ರಾಗ. ಅರವತ್ತು ಮಾಡೂದು ಬ್ಯಾರೆ, ದಿನಾ ಮಾಡೂದು ಬ್ಯಾರೆ. ನೂರು ಎರದಾಗ ಎಷ್ಟು ಪಾಸ್ ಅನ್ನೂದ ನಮ್ಮ ಧಂದೇದಾಗ ಜೀವ. ಅದನ್ನ ಯಾವ ದೇಶದವರೂ ಬಾಯಿ ಬಿಡೂದಿಲ್ಲ.

ಇನ್ನೊಂದು, ಎರಡನೇ ಪೀಳಿಗಿ ಸಿಂಗಲ್ ಕ್ರಿಸ್ಟಲ್ ಲೋಹದಾಗ ರೀನಿಯಂ ಅನ್ನೂ ಅಪರೂಪದ ಲೋಹ ಬೇಕ್ರಿ, ಚೀನಾದವರ ಡಿಡಿ6 ಅನ್ನೂ ಬ್ಲೇಡಿನ ಲೋಹದಾಗ ನೂರಕ್ಕ ಎರಡು ಪಾಲು ಐತಿ. ಜಗತ್ತಿಗೆಲ್ಲಾ ವರ್ಷಕ್ಕ ಹುಟ್ಟೂದು ಕೆಲವ ಹತ್ತು ಟನ್. ತಾಮ್ರದ ಗಣಿಯಿಂದ ಮಾಲಿಬ್ಡಿನಂ ತಗದು ಅದರ ಹೊಗ್ಯಾಗ ಹಿಡದು ತಗೀಬೇಕು.

ಮಲೆನಾಡ ಗಿಡುಗ:

ಈ ಎಳೆ ಇಷ್ಟು ಉದ್ದ ಹೋಗುತ್ತೆ ಅಂದ್ಕೊಂಡಿರಲಿಲ್ಲ. ಹಾಗಾದರೆ ಈಗಿನ ಸ್ಥಿತಿ ಏನು? ಗೆದ್ದರಾ ಇಲ್ವಾ?

ಹಳೇ ಟೆಸ್ಟ್‌ಬೆಡ್:

2021ರ ಝುಹಾಯ್ ಪ್ರದರ್ಶನದಲ್ಲಿ ಜೆ-20 ಸ್ವದೇಶಿ ತೈಹಾಂಗ್ ಹಾಕಿಕೊಂಡು ಹಾರಿತು. 2023ರಲ್ಲಿ ಜೆ-20ರ ಹೊಸ ರೂಪ ಡಬ್ಲ್ಯುಎಸ್-15ರ ಜೊತೆ ಹಾರಿದ್ದು ಫೋಟೋಗಳಲ್ಲಿ ಬಂತು. ಜೆ-20ಕ್ಕೆ ಅಂತಲೇ ಮಾಡಿದ, 18 ಟನ್ ಆಸುಪಾಸಿನ ನೂಕುಬಲದ ಗುರಿಯಿಟ್ಟ ಇಂಜಿನ್ನು. ಎಎಲ್-31ದು ಹನ್ನೆರಡೂವರೆ. ಹಾರೋದು ಆಯಿತು. ಸಾವಿರ ಗಂಟೆ ಆದಮೇಲೆ ಬಿಚ್ಚಿ ನೋಡಿದಾಗ ಬ್ಲೇಡು ಹೇಗಿರುತ್ತೆ ಅನ್ನೋದು ನಮಗೆ ಕಾಣಲ್ಲ. ನಾನಂತೂ ಅವರನ್ನ ಇನ್ನು ಹಗುರಾಗಿ ಮಾತಾಡಲ್ಲ.

ಟಿನ್ ಫ್ಯಾಕ್ಟರಿ ಸ್ಟಾಪ್:

2024ರ ಡಿಸೆಂಬರ್ 26ಕ್ಕೆ ಚೆಂಗ್ಡು ಮೇಲೆ ಹಾರಿತಲ್ಲ ಬಾಲವಿಲ್ಲದ ದೊಡ್ಡ ವಿಮಾನ, ಅದಕ್ಕೆ ಮೂರು ಇಂಜಿನ್ನು. ಎರಡರಲ್ಲಿ ಕಸುವಿಲ್ಲ ಅಂತ ತಾನೇ ಮೂರನೇದು?

ಹಳೇ ಟೆಸ್ಟ್‌ಬೆಡ್:

ಇರಬಹುದು. ಅಷ್ಟು ದೊಡ್ಡ ವಿಮಾನಕ್ಕೆ ರೇಡಾರಿಗೆ, ಅದಕ್ಕೆ ಇದಕ್ಕೆ ಅಂತ ಕರೆಂಟ್ ಬೇಕಾಗಿಯೂ ಇರಬಹುದು. ಫೋಟೋ ನೋಡಿ ಕಸುವು ಅಳೆಯೋಕೆ ನನಗೆ ಬರಲ್ಲ.

ಮಲೆನಾಡ ಗಿಡುಗ:

ಬಸಣ್ಣನವರೇ, ನಿನ್ನೆ ರಾತ್ರಿ ಮಗನ ಕೈಗೆ ಒಂದು ಸಕ್ಕರೆ ಅಚ್ಚು, ಒಂದು ಕಲ್ಲುಸಕ್ಕರೆ ಕೊಟ್ಟೆ (ನಮ್ಮ ಕಡೆ ಸಂಕ್ರಾಂತಿಗೆ ಮಾಡೋದು, ಡಬ್ಬಿಯಲ್ಲಿ ಉಳಿದಿತ್ತು). ಎರಡನ್ನೂ ಕಚ್ಚಿ ನೋಡಿ "ಇದೇ ಗಟ್ಟಿ" ಅಂದ, ಅರ್ಥ ಆಯಿತು. ಆದರೆ ಅವನ ಮೊದಲ ಪ್ರಶ್ನೆ ಇನ್ನೂ ಹಾಗೇ ಇದೆ. ಚೀನಾದವರ ಪ್ಲೇನೂ ಅಷ್ಟೇ ಸೌಂಡ್ ಮಾಡುತ್ತಾ?

ಹಳೇ ಟೆಸ್ಟ್‌ಬೆಡ್:

ಆಫ್ಟರ್‌ಬರ್ನರ್ ಹೊತ್ತಿದ ಮೇಲೆ ಎಲ್ಲಾ ದೇಶದ್ದೂ ಒಂದೇ ಥರ ಕಿವಿ ಹರಿಯುತ್ತೆ ಅಂತ ಹೇಳಿ. ಅದಕ್ಕೂ ಮುಂಚಿನ ಸದ್ದು ಕೇಳಿಸಿಕೊಳ್ಳಲಿ. ಪೈಲಟ್ ಥ್ರಾಟಲ್ ತಳ್ಳಿದ ಮೇಲೆ ಸದ್ದು ಮೇಲೇರೋಕೆ ಎಷ್ಟು ಸೆಕೆಂಡು ಹಿಡಿಯುತ್ತೆ ಅಂತ. ಮೊದಮೊದಲ ತೈಹಾಂಗ್ ತಡವರಿಸುತ್ತಿದ್ದದ್ದು ಅಲ್ಲೇ. ಮುಂದಿನ ಏರೋ ಇಂಡಿಯಾಗೆ ಕೈಗೊಂದು ವಾಚು ಕಟ್ಟಿ ಕರ್ಕೊಂಡು ಬನ್ನಿ.

ಮಲೆನಾಡ ಗಿಡುಗ:

ವಾಚು ಈಗಲೇ ಕೇಳ್ತಿದ್ದಾನೆ ಸಾರ್.